ಗುರುಪಾದ ಸರ್‌ಗೆ ಗೊತ್ತಿತ್ತು

“ನೀ ಇಂಗ್ಲಿಷ್ ಕಲಿಯೋದೂ ಒಂದ, ನಿಮ್ಮ ಟಗರು ಬಿ.ಎ. ಪಾಸಾಗೋದೂ ಒಂದ! ಕೂಡ್ರಲೇ ಕೆಳಗ.”

ಇಡೀ ಕ್ಲಾಸು ನಕ್ಕಿತು. ಮುಂದಿನ ಬೆಂಚಿನ ಹುಡುಗಿಯರು ವೇಲು ಬಾಯಿಗೊತ್ತಿಕೊಂಡು ನಕ್ಕರು. ಬನಹಟ್ಟಿಯಿಂದ ಬರುವ ಮಗ್ಗದ ಮನೆಯ ರಾಜಕುಮಾರ ಬೆಂಚು ಬಡಿದು ನಕ್ಕ.

ಯಲ್ಲಾಲಿಂಗ ಕೂತ. ಏಳನೇ ಇಯತ್ತೆಯಲ್ಲಿ ಇಂಥದೇ ಒಂದು ಮಾತಿಗೆ ಮಾಸ್ತರರ ಎದುರು ಪಾಟಿ ಒಡೆದು ಸಾಲಿ ಬಿಟ್ಟವನು ಅವನು. ಆಮೇಲೂ ಸಿಟ್ಟು ಕಡಿಮೆಯಾಗಿರಲಿಲ್ಲ. ಆದರೂ ಬಿಗಿದ ಮುಷ್ಟಿ ಬೆಂಚಿನ ಕೆಳಗೇ ಉಳಿಯಿತು.

ತಪ್ಪು ಇಷ್ಟೇ. ಹೆಸರು ಕೇಳಿದ್ದಕ್ಕೆ ಅವನು, “ಐ ಥಿಂಕ್ ಮೈ ನೇಮ್ ಈಸ್ ಯಲ್ಲಾಲಿಂಗ” ಅಂದಿದ್ದ.

“ನಿನ್ನ ಹೆಸರಿನ ಮ್ಯಾಲೆ ನಿನಗ ಸಂಶಯ ಐತೇನು?” ಗುರುಪಾದ ಸರ್ ಬೋರ್ಡಿನತ್ತ ತಿರುಗಿದರು. “ಎಲ್ಲಾರೂ ಕೇಳ್ರಿ. ‘ಐ ಥಿಂಕ್’ ಅಂದ್ರ ಹಂಗ ಅನಸ್ತೈತಿ, ಖಾತ್ರಿ ಇಲ್ಲ. ‘ಐ ಬಿಲೀವ್’ ಅಂದ್ರ ಕಣ್ಣಲೆ ನೋಡಿಲ್ಲ, ಆದ್ರ ನಂಬೇನಿ. ‘ಐ ನೋ’ ಅಂದ್ರ ಮುಗೀತು. ಅದರ ಮ್ಯಾಲೆ ಮಾತಿಲ್ಲ.”

ಯಲ್ಲಾಲಿಂಗ ಮತ್ತೆ ಎದ್ದು ನಿಂತ. “ಸರ್, ನಮ್ಮ ದೇವ್ರು ಬೀರಪ್ಪನ್ನ ನಾವು ಕಣ್ಣಲೆ ನೋಡಿಲ್ರಿ. ಭಂಡಾರದ ಅರಿಷಿಣ ಕೈಯಾಗ ಹಿಡದು ನಂಬೇವಿ ಅಂತೀವಿ. ಅದರಾಗ ಸಂಶಯ ಎಲ್ಲಿ ಬಂತ್ರಿ?”

“ಅದು ನಿಮ್ಮ ಕುರಿದೊಡ್ಡ್ಯಾಗ. ಬಸ್ ಬಂತೇನು ಅಂತ ಕೇಳಿದ್ರ ಇಂಗ್ಲಿಷಿನವ ‘ಐ ಬಿಲೀವ್ ಸೋ’ ಅಂತಾನ. ಭಂಡಾರ ಹಿಡದು ಹೇಳಾಂಗಿಲ್ಲ. ಬಂದಿರಬೇಕು ನೋಡಪಾ, ಅಂದಂಗ.”

ಕುರಿದೊಡ್ಡಿ ಅಂದಾಗ ಯಲ್ಲಾಲಿಂಗ ಸರ್ ಮುಖವನ್ನೇ ನೋಡಿದ. ಸರ್ ತಂದೆಯೂ ಸಾಯುವತನಕ ಕುರಿ ಕಾದವನೇ. ಕ್ಲಾಸಿನಲ್ಲಿ ಯಾರಿಗೂ ಅದು ತಿಳಿಯದು. ಯಲ್ಲಾಲಿಂಗನಿಗೆ ಸರ್ ತಾಯಿ ಸುಂದರವ್ವ ಹೇಳಿದ್ದಳು.

ಜಮಖಂಡಿಯ ಪೇಟೆಯ ಈ ಮಾಳಿಗೆಯ ಮೇಲೆ ಕ್ಲಾಸು, ಕೆಳಗೆ ಸರ್ ಮನೆ. ಯಲ್ಲಾಲಿಂಗ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಊರು ಯಾವುದು ಅಂದರೆ, “ಮುಧೋಳ ಕಡೇದ್ರಿ” ಅಂದಿದ್ದ. ದಿನಾ ಬೇಗ ಬರುತ್ತಿದ್ದ. ಸುಂದರವ್ವನಿಗೆ ನಲ್ಲಿಯಿಂದ ಕೊಡ ತುಂಬಿ ಕೊಡುತ್ತಿದ್ದ. ಅವಳ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದ. ಎದುರಿನ ರೇವಪ್ಪನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ಕ್ಲಾಸಿನಲ್ಲಿ ಒಂದಕ್ಷರ ಬರೆಯುತ್ತಿರಲಿಲ್ಲ. ಬೋರ್ಡನ್ನೂ ನೋಡುತ್ತಿರಲಿಲ್ಲ. ಸರ್ ಅವರನ್ನೇ ನೋಡುತ್ತಿದ್ದ.

“ಇವಗ ಇಂಗ್ಲಿಷಿಗಿಂತ ಚಾದ ಹುಚ್ಚ ಭಾಳ” ಎಂದು ಸರ್ ತೀರ್ಮಾನಿಸಿದ್ದರು.

“ಸರ್, ಇವತ್ತ ಹೊಸಾ ಅಂಗಿ!” ರಾಜಕುಮಾರ ಮಾತು ತಿರುಗಿಸಿದ. “ಏನ್ ವಿಶೇಷರಿ?”

ಸರ್‌ಗೆ ಬಾಯಿ ಬಿಡಲು ಅಷ್ಟು ಸಾಕಾಗಿತ್ತು. ಮೂವತ್ತು ದಾಟಿತ್ತು. ಕೂಡಿಬಂದ ಸಂಬಂಧಗಳೆಲ್ಲ ಕಡೆಗಳಿಗೆಯಲ್ಲಿ ತಪ್ಪಿದ್ದವು. ಸೊಸೆ ಬರುವತನಕ ಕುಡಿಯುವುದಿಲ್ಲವೆಂದು ಸುಂದರವ್ವ ಚಹಾ ಬಿಟ್ಟಿದ್ದಳು. ಹೋದ ತಿಂಗಳು ಮಧ್ಯಸ್ಥನ ಕೈಯಲ್ಲಿ ಸರ್ ಫೋಟೋ ತಿಮ್ಮಾಪುರಕ್ಕೆ ಹೋಗಿತ್ತು.

“ಭಾಗ್ಯಾ ಅಂತ ಹುಡುಗಿ. ಬಿ.ಎಡ್. ಆಗ್ಯಾದ. ಒಪ್ಪಿಗಿ ಇದ್ರ ಈ ವಾರದಾಗ ನೋಡಾಕ ಕರೀತಾರ.”

“ಕರೀತಾರೇನ್ರಿ ಸರ್?”

“ಕರೀತಾರ. ಐ ನೋ.” ಸರ್ ಕುರ್ಚಿ ಎಳೆದು ಕೂತರು. “ಹೆಣ್ಣಿನ ಕಡೆಯವರು ಮೊದಲ ಗುಟ್ಟಾಗಿ ಒಬ್ಬನ್ನ ಕಳಸ್ತಾರ. ವರಾ ಕುಡೀತಾನೇನು, ನಾಲಿಗಿ ಹೆಂಗೈತಿ, ಮನ್ಯಾಗ ಹೆಂಗಿರತಾನ, ಎಲ್ಲಾ ಕೇಳಕೊಂಡ ಹೋಗತಾರ. ನಾ ಬಿಟ್ಟೇನೇನು? ರೇವಪ್ಪಗ ಪಾಠಾ ಮಾಡಿಟ್ಟೇನಿ. ಯಾರರ ಬಂದು ಕೇಳಿದ್ರ, ‘ಸರ್ ಬಾಯಾಗ ಒಂದ್ ಕೆಟ್ಟ ಮಾತ ಬರಂಗಿಲ್ಲ’ ಅನ್ನಬೇಕು.”

“ಬಂದಿದ್ರೇನ್ರಿ ಯಾರರ?”

“ನಿನ್ನೆ ಬಂದಿದ್ದ. ಕೆಂಪು ರುಮಾಲಿನ ಮುದುಕ. ರೇವಪ್ಪನ ಅಂಗಡ್ಯಾಗ ಕೂತು ನಮ್ಮ ಬಾಗಲಾನ ನೋಡತಿದ್ದ. ನಾ ಇಳದ ಹೋಗಿ ಭಜಿ ತಿನಿಸಿ, ಕಾಲಿಗೆ ಬಿದ್ದ ಕಳಿಸೇನಿ. ಮುದುಕ ಖುಷ್ ಆದ.”

ಯಲ್ಲಾಲಿಂಗ ಕ್ಲಾಸಿಗೆ ಸೇರಿದಮೇಲೆ ಮೊದಲ ಸಲ ಜೋರಾಗಿ ನಕ್ಕ.

“ಯಾಕಲೇ?”

“ಆ ಮುದುಕ ಸಾವಳಗಿಯವ್ರಿ ಸರ್. ಕುರಿ ಸಂತಿಗೆ ಬಂದಿದ್ದ. ನೆರಳಿಗಂತ ಕೂತಿದ್ದ.”

“ನಿನಗ್ಹೆಂಗ ಗೊತ್ತು?”

“ಐ ನೋ, ಸರ್.”

ಈ ಸಲ ಕ್ಲಾಸು ನಕ್ಕದ್ದು ಸರ್ ಅವರನ್ನು ನೋಡಿ. ಸರ್ ಹೊಸ ಅಂಗಿಯ ಕಾಲರು ಸರಿಮಾಡಿಕೊಂಡರು. ಮತ್ತೆ ಸರಿಮಾಡಿಕೊಂಡರು.

“ಮುದುಕ ಅಲ್ಲಂದ್ರ ಮತ್ತೊಬ್ಬ ಬಂದಿರತಾನ. ಹೊರಗಿಂದೆಲ್ಲಾ ಬಂದೋಬಸ್ತ್ ಐತಿ. ಹೂಂ ಅಂತಾರ... ಐ ಬಿಲೀವ್.”

“ಬಿಲೀವೋ, ಥಿಂಕೋ ಸರ್?” ರಾಜಕುಮಾರ ಕೆಣಕಿದ.

ಕೆಳಗೆ ಸುಂದರವ್ವ ಯಾರಿಗೋ ಚಹಾ ಸೋಸುತ್ತಿದ್ದಳು. ಏಲಕ್ಕಿಯ ವಾಸನೆ ಮೆಟ್ಟಿಲು ಹತ್ತಿ ಬಂತು. ಸರ್ ಸೀಮೆಸುಣ್ಣವನ್ನು ಯಲ್ಲಾಲಿಂಗನತ್ತ ಚಾಚಿದರು. ನಗಲು ನೋಡಿದರು. ದನಿ ಯಾಕೋ ಇಳಿದಿತ್ತು.

“ಭಾಳ ಶಾಣ್ಯಾ ಆಗಿಯಲ್ಲ, ನೀನ ಹೇಳಪಾ. ತಿಮ್ಮಾಪುರದವರು ಹುಡುಗಿ ಕೊಡತಾರೋ ಇಲ್ಲೋ? ಥಿಂಕ್, ಬಿಲೀವ್, ನೋ. ಯಾವದರ ಒಂದ ಹಚ್ಚಿ ಹೇಳು.”

ಯಲ್ಲಾಲಿಂಗ ಎದ್ದ. ಒಂದಕ್ಷರ ಬರೆಯದ ವಹಿಯನ್ನು ಕಂಕುಳಲ್ಲಿಟ್ಟುಕೊಂಡ. ಸರ್ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯಲ್ಲಿ ಕಾಲು ತೂರಿಸಿದ.

“ಏ, ಉತ್ತರಾ ಹೇಳಿ ಹೋಗಲೇ! ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು!”

ಭಾಗ್ಯಾಳ ಅಣ್ಣ ಮೆಟ್ಟಿಲಿಳಿದು ಹೋದ.