ಮಲಗಿದ್ದ ಹಳಿ

"ಸುರಂಗದೊಳಗೆ ಏನೋ ಬಿದ್ದಿದೆ ಕಣೇ," ಎಂದ ಗಂಡ.

ಕಾಫಿ ಕಪ್ಪು ಹಿಡಿದು ಬರುತ್ತಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು.

ಅದು ಆಟದ ರೈಲಿನ ಕೋಣೆ. ಎರಡು ಮಂಚ ಜೋಡಿಸಿದಷ್ಟು ಅಗಲದ ಮೇಜು, ಅದರ ತುಂಬ ಎರಡು ಬೆರಳಗಲದ ರೈಲುದಾರಿಗಳು, ಬೆಂಕಿಪೊಟ್ಟಣದಷ್ಟು ಮನೆಗಳು, ಮೂಲೆಯಲ್ಲಿ ಪ್ಲಾಸ್ಟರಿನ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಸುರಂಗ. ವಾರವೆಲ್ಲ ಕಂಡವರ ಲಿಫ್ಟು ರಿಪೇರಿ ಮಾಡುವ ಮನುಷ್ಯ, ಭಾನುವಾರ ಇಲ್ಲಿ ಸ್ಟೇಷನ್ ಮಾಸ್ಟರ್. ಎರಡು ತಿಂಗಳಿಂದ ಹಳೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು ಹೊಸ ಡಿಜಿಟಲ್ ಪೆಟ್ಟಿಗೆ ಕೂರಿಸುತ್ತಿದ್ದ. ಇವತ್ತು ಮೊದಲ ಓಟ. ನೋಡಲು ಐದು ಗಂಟೆಗೆ ತಂಗಿಯನ್ನೂ ಕರೆದಿದ್ದ. ಐದು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿಯದ ತಂಗಿಯನ್ನು.

"ಏನು ಬಿದ್ದಿರತ್ತೆ ಬಿಡಿ. ಹಲ್ಲಿಯೋ ಜಿರಲೆಯೋ."

"ಹಲ್ಲಿ ಬಿದ್ರೆ ಹೀಗೆ ಶಾರ್ಟ್ ಆಗಲ್ಲ. ಇದು ಲೋಹ. ಬಾ ಇಲ್ಲಿ, ನೋಡು."

ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಕೆಂಪು ಅಕ್ಷರ ಮಿನುಗುತ್ತಿತ್ತು: ಹಳಿ 7, ಶಾರ್ಟ್.

ಅವಳ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಮುಟ್ಟಿಕೊಂಡದ್ದು ಕೊರಳು. ಏಳನೇ ಹಳಿಯ ಮೇಲೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಅತ್ತೆಯ ಚಿನ್ನದ ಸರ. ಇಟ್ಟವಳು ಅವಳೇ.

ಐದು ವರ್ಷದ ಹಿಂದೆ ನಾದಿನಿ ಇವರ ಜೊತೆಗೇ ಇದ್ದಳು. ಯಾವ ಪಾತ್ರೆ ಎಲ್ಲಿರಬೇಕು, ಕಿಟಕಿ ಎಷ್ಟು ತೆರೆದಿರಬೇಕು, ಎಲ್ಲಕ್ಕೂ ಅವಳದೇ ಅಪ್ಪಣೆ. ಇವಳಿಗೆ ಸಾಕುಸಾಕಾಗಿತ್ತು. ಅತ್ತೆ ಸಾಯುವ ಮುಂಚೆ ಸೊಸೆಗೆ ಕೊಟ್ಟ ಸರ ಒಂದು ಬೆಳಗ್ಗೆ 'ಕಳೆದುಹೋಯಿತು'. ಮನೆಯಲ್ಲಿದ್ದವರು ಮೂವರೇ. ಇವಳು ಯಾರ ಹೆಸರನ್ನೂ ಎತ್ತಲಿಲ್ಲ. ನಾದಿನಿಯ ಸೂಟ್‌ಕೇಸಿನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅಷ್ಟು ಸಾಕಾಯಿತು. "ತಗೊಂಡಿದ್ರೆ ಕೊಟ್ಬಿಡು," ಎಂದ ಅಣ್ಣ. ತಂಗಿ ಅದೇ ಸೂಟ್‌ಕೇಸ್ ಎತ್ತಿಕೊಂಡು ಹೋದಳು.

ಸುರಂಗದೊಳಗಿನ ಆ ಏಳನೇ ಹಳಿ ಪಾಳುಬಿದ್ದದ್ದು. ಇಂಜಿನ್ನು ಪದೇಪದೇ ಮಗುಚುತ್ತದೆಂದು ಗಂಡ ಅದರ ಸ್ವಿಚ್ಚನ್ನೇ ಆರಿಸಿಟ್ಟಿದ್ದ. ಹಳೆಯ ಏರ್ಪಾಡಿನಲ್ಲಿ ಸ್ವಿಚ್ ಹಾಕಿದ ಹಳಿಗೆ ಮಾತ್ರ ಕರೆಂಟು. ಉಳಿದವು ಸತ್ತಂತೆ ಮಲಗಿರುತ್ತಿದ್ದವು. ಅಲ್ಲಿ ಚಿನ್ನ ಬಿದ್ದರೂ ಒಂದೇ, ಚಿಂದಿ ಬಿದ್ದರೂ ಒಂದೇ. ಆಮೇಲೆ ತೆಗೆಯಲು ಹೋದಳು. ಅಡಿಕೋಲಿನಿಂದ ಒಳಕ್ಕೆ ತಳ್ಳಿದ್ದ ಸರ ಕೈಗೆ ಎಟುಕಲೇ ಇಲ್ಲ. ಗುಡ್ಡ ಒಡೆಯುವ ಹಾಗಿರಲಿಲ್ಲ. ಬಿಟ್ಟಳು.

ಇಂಥದೊಂದು ಪೆಟ್ಟಿಗೆ ಮನೆಗೆ ಬರುತ್ತದೆಂದು ಯಾರು ಕಂಡಿದ್ದರು?

"ಇದರಲ್ಲಿ ಮಲಗೋ ಹಳಿನೇ ಇಲ್ಲ," ಗಂಡ ವಿವರಿಸುತ್ತಿದ್ದ. "ಎಲ್ಲಕ್ಕೂ ಯಾವಾಗ್ಲೂ ಕರೆಂಟು. ಇಂಜಿನ್ನಿಗೆ ಒಂದೊಂದು ನಂಬರು, ತನ್ನ ನಂಬರು ಕರೆದರೆ ಮಾತ್ರ ಅದು ಓಡತ್ತೆ. ಪ್ರತಿ ಹಳಿಗೂ ಎರಡೆರಡು ತಂತಿ ಬೆಸೆದಿದೀನಿ, ಇದೇ ಕೈಯಲ್ಲಿ. ಒಂದನ್ನೂ ಬಿಟ್ಟಿಲ್ಲ. ಇನ್ನು ಎಲ್ಲಿ ಏನು ಮುಚ್ಚಿಟ್ಟಿದ್ರೂ ಗೊತ್ತಾಗೋಗತ್ತೆ."

ಅವಳು ಕಾಫಿಯನ್ನು ಮೇಜಿನ ಅಂಚಿಗಿಟ್ಟಳು. "ರೀ, ಇವತ್ತೊಂದಿನ ಆ ಗುಡ್ಡದ ತಂಟೆಗೆ ಹೋಗ್ಬೇಡಿ. ಬಣ್ಣ ಉದುರತ್ತೆ. ಅದೊಂದು ಹಳಿ ಬಿಟ್ಟು ಓಡಿಸಿ."

"ಒಂದು ಹಳಿ ಕೆಟ್ಟಿದ್ರೆ ಯಾವ ರೈಲೂ ಓಡಲ್ಲ ಈಗ."

ಗಂಟೆ ನಾಲ್ಕೂ ನಲವತ್ತು. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡ. ಗುಡ್ಡದ ನೆತ್ತಿಗೆ ನಾಲ್ಕು ಸ್ಕ್ರೂ ಇರುವುದನ್ನು ಅವಳು ನೋಡಿದ್ದು ಇವತ್ತೇ. ಒಂದು ಬಿಚ್ಚಿ ಅವಳ ಮುಖ ನೋಡಿದ.

"ಯಾಕೆ ಹಾಗೆ ಬೆವರ್ತಿದೀಯ?"

"ಸೆಖೆ."

ಎರಡನೆಯದು. ಮೂರನೆಯದು. ಇನ್ನೇನು ಗಂಡನ ಅಂಗೈಯಲ್ಲಿ ಸರ ಇರುತ್ತದೆ, ಬಾಗಿಲಲ್ಲಿ ನಾದಿನಿ ಇರುತ್ತಾಳೆ. ಈ ಸಲ ಎಲ್ಲರೂ ನೋಡುವುದು ಸೂಟ್‌ಕೇಸನ್ನಲ್ಲ, ತನ್ನನ್ನು. ಆಮೇಲೆ ಈ ಮನೆಯಿಂದ ಹೊರಡುವವರು ಯಾರು? ಹೇಳಿಬಿಡಲೇ? ಅವನಾಗಿ ಕಾಣುವ ಮುಂಚೆ, ತಾನಾಗಿ?

"ರೀ..."

ಅವನು ಥಟ್ಟನೆ ಸ್ಕ್ರೂಡ್ರೈವರ್ ಕೆಳಗಿಟ್ಟ. ಪೂರ್ತಿ ಇವಳ ಕಡೆ ತಿರುಗಿದ. "ಹೇಳು."

ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

"ಕಾಫಿ ಆರಿಹೋಗತ್ತೆ."

ಅವನು ಸ್ಕ್ರೂಡ್ರೈವರನ್ನು ಮತ್ತೆ ಎತ್ತಿಕೊಂಡ. ನಾಲ್ಕನೆಯದನ್ನೂ ಬಿಚ್ಚಿದ. ನೆತ್ತಿಯ ಮುಚ್ಚಳ ಎತ್ತಿದ, ಟಾರ್ಚನ್ನೂ ಹಾಕದೆ ಕೈ ಇಳಿಸಿದ. ಅವಳು ಕಣ್ಣು ಮುಚ್ಚಿಕೊಂಡಳು.

"ಇಷ್ಟೇ ನೋಡು."

ಕಣ್ಣು ಬಿಟ್ಟಳು. ಅವನ ಬೆರಳ ನಡುವೆ ಗೇಣುದ್ದವೂ ಇಲ್ಲದ ತಾಮ್ರದ ತಂತಿಯ ತುಂಡು. ಪರದೆಯ ಕೆಂಪು ಹಸಿರಾಯಿತು. ಅವನು ಒಂದು ನಂಬರು ಒತ್ತಿದ. ಪುಟ್ಟ ಇಂಜಿನ್ನು ಕೂ ಎಂದು ಹೊರಟೇಬಿಟ್ಟಿತು.

ಹೋದ ಜೀವ ಬಂದಂತಾಯಿತು. ನಗುವೇ ಬಂತು ಅವಳಿಗೆ. "ಅಯ್ಯೋ, ಇಷ್ಟಕ್ಕೇನಾ!" ಎಂದು ಆ ತುಂಡನ್ನು ಇಸಿದುಕೊಂಡಳು.

ನಗು ಅರ್ಧಕ್ಕೇ ನಿಂತಿತು. ಹಾಗಾದರೆ ಸರ?

ತಂತಿಗೆ ಒಂದು ಕಣ ಧೂಳೂ ಅಂಟಿರಲಿಲ್ಲ. ಕತ್ತರಿಸಿದ ತುದಿ ಇನ್ನೂ ಮಿರಿಮಿರಿ ಎನ್ನುತ್ತಿತ್ತು. ಅವಳು ಬಗ್ಗಿ ಗುಡ್ಡದೊಳಗೆ ನೋಡಿದಳು. ಖಾಲಿ ಹಳಿ. ಅದರ ಪಕ್ಕೆಗೂ ಎರಡು ತಂತಿ, ಅಚ್ಚುಕಟ್ಟಾಗಿ ಬೆಸೆದಿತ್ತು.

"ಇದನ್ನ... ಈ ಹಳಿಗೆ ಯಾವಾಗ ಬೆಸೆದಿರಿ?"

"ತಿಂಗಳಾಯ್ತು," ಎಂದ ಗಂಡ, ರೈಲಿನಿಂದ ಕಣ್ಣು ತೆಗೆಯದೆ.

ಕರೆಗಂಟೆ ಬಾರಿಸಿತು.

"ನೀನೇ ಹೋಗಿ ತೆಗಿ."

ತಂತಿಯ ತುಂಡು ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದಳು. ಎದುರಿಗೆ ನಾದಿನಿ ನಿಂತಿದ್ದಳು.

ಅವಳ ಕೊರಳಲ್ಲಿ ಅತ್ತೆಯ ಸರವಿತ್ತು.