ಏಸಿ ಮನೆಯ ಹವಳ

ಕಡಲು ಕಾದು ಹವಳವೆಲ್ಲ ಸತ್ತ ಮೇಲೆ, ಜೀವಂತ ಕಲ್ಲುಹವಳ ಸಾಕುವ ಮನೆಗಳಿಗೆ ಮಾತ್ರ ಏಸಿ ಎಂದು ಸರಕಾರ ಹೇಳಿತು. ಮಂಗಳೂರಿನವರಿಗೆಲ್ಲ ಹವಳದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಜಲಜಾಕ್ಷಿಯ ಗಾಜಿನ ತೊಟ್ಟಿಯ ಹವಳ ಮಾತ್ರ ನಿನ್ನೆಯಷ್ಟೇ ಬಿಳಿಚಿಕೊಂಡು ಸತ್ತಿತ್ತು. ಇವತ್ತು ಏಸಿ ಕಿತ್ತೊಯ್ಯಲು ಇನ್‌ಸ್ಪೆಕ್ಟರ್ ಬಂದು ನಿಂತಿದ್ದ.

"ಇನ್ನೊಂದು ಉಂಟು ಸರ್," ಎಂದು ಆಕೆ ಸೋಫಾದಲ್ಲಿ ಒರಗಿದ್ದ ಗಂಡ ಭೋಜಪ್ಪನನ್ನು ತೋರಿಸಿದಳು. "ಕೂತಲ್ಲಿಂದ ಅಲ್ಲಾಡುದಿಲ್ಲ. ತಿಂಡಿ ಬಾಯಿಯ ಹತ್ತಿರವೇ ಬರಬೇಕು. ಸ್ವಲ್ಪ ಸೆಕೆಯಾದ್ರೆ ಬಿಳಿಚಿಕೊಳ್ತದೆ. ಮದುವೆಯಾದಾಗಿನಿಂದ ನಾನೇ ಸಾಕುದು."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ. "ಜೀವ ಉಂಟಾ?"

"ಚಾ ಆಯ್ತಾ?" ಎಂದು ಭೋಜಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

ಇನ್‌ಸ್ಪೆಕ್ಟರ್ ಏಸಿಯ ಪರವಾನಗಿಗೆ ಸೀಲು ಒತ್ತಿದ. ಹೊರಡುವಾಗ ದನಿ ತಗ್ಗಿಸಿ ಹೇಳಿದ: "ನಮ್ಮ ಮನೆಗೆ ತನಿಖೆಗೆ ಬಂದದ್ದು ಆದಿತ್ಯವಾರ ಅಮ್ಮಾ. ಹೆಂಡತಿ ನನ್ನನ್ನೇ ತೋರಿಸಿದ್ದು."