ಸಕ್ಕರೆಯ ಗುಟ್ಟು

“ರಕ್ತಪರೀಕ್ಷೆ ರಿಪೋರ್ಟು ಯಾರಿಗಮ್ಮಾ ಬೇಕು? ಅದೇನು ಬಂಗಾರವಾ ಕದಿಯೋಕೆ?” ಲ್ಯಾಬುಗಳ ಮಾಲೀಕ ಈಶ್ವರಯ್ಯನವರು ಹರಿಣಿಯ ಫೈಲನ್ನು ಅವಳ ಕಡೆಗೇ ತಳ್ಳಿ, ಪೂತರೇಕುಲು ಸಿಹಿಯ ಡಬ್ಬಿಗೆ ಕೈ ಹಾಕಿದರು. ಮನೆಯಲ್ಲಿ ಹೆಂಡತಿ ಸೂರ್ಯಕಾಂತಮ್ಮ ಈಚೆಗೆ ಕಾಫಿಗೂ ಸಕ್ಕರೆ ಹಾಕುತ್ತಿರಲಿಲ್ಲ. ಕೇಳಿದರೆ ಏನೋ ವ್ರತ ಅನ್ನುತ್ತಿದ್ದರು. ವಿಜಯವಾಡದ ಒನ್ ಟೌನ್ ಪೇಟೆಯ ಈ ಹೆಡ್ಡಾಫೀಸಿನಲ್ಲಾದರೆ ಕೇಳುವವರಿಲ್ಲ.

ರೋಗಿಗಳ ಮಾಹಿತಿ ಕಾಪಾಡಲು ಖರ್ಚು ಮಾಡಿ ಎಂದು ಆಫೀಸಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ದಾವಣಗೆರೆಯ ಹರಿಣಿ ಕೇಳುತ್ತಿರುವುದು ಇದು ಮೂರನೇ ಸಲ. ಕಾನೂನು, ದಂಡ ಎಂದು ಹೇಳಿ ಹೇಳಿ ಬಾಯಿ ಒಣಗಿತ್ತು. ಈ ಸಲವೂ ಆಗದು ಎಂದರೆ ಕೆಲಸ ಬಿಡುವುದೇ ಸೈ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು.

“ಸರಿ ಸಾರ್. ನಿಮ್ಮ ರಿಪೋರ್ಟನ್ನೇ ನನ್ನ ಫೋನಿಂದ ಕೇಳಿ ನೋಡ್ಲಾ?”

ಅವರು ನಕ್ಕರು. ಸಕ್ಕರೆ ಕಾಯಿಲೆ ಮನೆಯವರಿಗೆ ಗೊತ್ತಾಗಬಾರದೆಂದೇ ದೂರದ ವಿಶಾಖಪಟ್ಟಣದ ತಮ್ಮದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುತ್ತಿದ್ದವರು ಅವರು. “ವಿಶಾಖಪಟ್ಟಣಕ್ಕೆ ಕೇಳಮ್ಮಾ. ನನ್ನ ಸ್ಟಾಫು ಬಾಯಿ ಬಿಟ್ಟರೆ ಈಗಲೇ ಸಹಿ ಹಾಕ್ತೀನಿ.”

ಹರಿಣಿ ಅಲ್ಲಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಕನ್ನಡದ ವಾಸನೆ ಹೊಡೆಯುವ ತೆಲುಗಿನಲ್ಲಿ, “ನಾನು ಸೂರ್ಯಕಾಂತಮ್ಮನವರ ತಂಗಿ. ನಮ್ಮ ಬಾವಗಾರು ಈಶ್ವರಯ್ಯನವರ ರಿಪೋರ್ಟು ಬಂತೇನಮ್ಮಾ?” ಎಂದಳು.

ಕೌಂಟರಿನ ಹುಡುಗಿ ಹೆಸರು ಕೇಳಲಿಲ್ಲ, ನಂಬರು ಕೇಳಲಿಲ್ಲ. ತಂಗಿ ಅಂದಮೇಲೆ ಮುಗಿಯಿತಲ್ಲ! “ಬಂದಿದೆ ಅಮ್ಮಾ. ಖಾಲಿ ಹೊಟ್ಟೆಯಲ್ಲೇ ಶುಗರ್ ಇನ್ನೂರ ಎಂಬತ್ತು. ಬಾವಗಾರಿಗೆ ಸ್ವಲ್ಪ ಬುದ್ಧಿ ಹೇಳಿ. ವಾಟ್ಸಾಪಿಗೆ ಕಳಿಸ್ಲಾ?”

ಈಶ್ವರಯ್ಯನವರ ಬಾಯಿಗೆ ಹೊರಟಿದ್ದ ಸಿಹಿ ಅರ್ಧ ದಾರಿಯಲ್ಲೇ ನಿಂತಿತು. ಹರಿಣಿಗೆ ಎದ್ದು ಕುಣಿದುಬಿಡುವಷ್ಟು ಖುಷಿ. ಅದನ್ನು ಮುಖದಲ್ಲಿ ತೋರಗೊಡದೆ ಫೈಲನ್ನು ಮತ್ತೆ ಅವರ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. ಅವರು ಓದಲೂ ಇಲ್ಲ, ಸಹಿ ಹಾಕಿದರು. “ನಾಳೆಯಿಂದಲೇ ಶುರು ಮಾಡಮ್ಮಾ,” ಎಂದು ಪಿಸುಗುಟ್ಟಿದರು. “ಎಷ್ಟಾದರೂ ಆಗಲಿ. ಸೂರ್ಯಕಾಂತಂ ಕಿವಿಗೆ ಮಾತ್ರ ಇದು ಬೀಳಬಾರದು.”

ಫೋನು ಇನ್ನೂ ಕಟ್ಟಾಗಿರಲಿಲ್ಲ.

“ಅಮ್ಮಾ, ಇದೀರಾ?” ಎಂದಳು ಆ ಹುಡುಗಿ. “ನಿಮ್ಮ ಅಕ್ಕನವರಿಗೆ ನೀವು ಕಳಿಸೋದೇನೂ ಬೇಡ. ಅವರು ಪ್ರತಿ ತಿಂಗಳೂ ಫೋನ್ ಮಾಡಿ ತಿಳ್ಕೋತಾರೆ.”

ಈಶ್ವರಯ್ಯನವರು ಸಿಹಿಯ ಡಬ್ಬಿಯನ್ನು ಮೆಲ್ಲಗೆ ಮುಚ್ಚಿ, ಫೈಲಿನ ಮೇಲಿಟ್ಟು ಹರಿಣಿಯ ಕಡೆಗೆ ತಳ್ಳಿದರು. ಅವಳು ಎರಡನ್ನೂ ತೆಗೆದುಕೊಂಡಳು.